ಸಿ1 ಹಿಂದಿನ ಆರ್ಚ್ ಮೇಲೆ ಎಷ್ಟು ದೂರ ಹೋಗಬಹುದು? 15, 12, 8 ಮಿ.ಮೀ. – ಯಾವ ಲೆಕ್ಕ ನಂಬೋದು?

ಹೊಸಕೈ ಕೇಳಿದ್ದು:

ಬುರುಡೆಯೂ ಕತ್ತೂ ಕೂಡುವ ಜಾಗವನ್ನು ಹಿಂದಿನಿಂದ ತೆರೆಯುವ ಬಗ್ಗೆ ಮೂರು ಗೊಂದಲ ಇವೆ. ಶವದ ಮೇಲೆ ಅಭ್ಯಾಸಕ್ಕೆ ಇಳಿಯುವ ಮುಂಚೆ ಬಗೆಹರಿದರೆ ಒಳ್ಳೇದು.

ಮೊದಲನೇದು ವರ್ಟಿಬ್ರಲ್ ಆರ್ಟರಿ, ಅಂದರೆ ಕತ್ತಿನ ಮೂಳೆಗಳ ಮೂಲಕ ಮೆದುಳಿಗೆ ಏರುವ ರಕ್ತನಾಳ. ಸಿ1ರ, ಅಂದರೆ ಕತ್ತಿನ ಮೊದಲ ಮೂಳೆಯ, ಹಿಂದಿನ ಆರ್ಚ್ (ಕಮಾನು) ಮೇಲೆ ನಡುಗೆರೆಯಿಂದ ಪಕ್ಕಕ್ಕೆ 15 ಮಿ.ಮೀ. ಸುರಕ್ಷಿತ ಅಂತ ಒಂದು ಕಡೆ ಓದಿದೆ, 12 ಅಂತ ಇನ್ನೊಂದು ಕಡೆ, 8 ಅಂತ ಮತ್ತೊಂದು ಕಡೆ. ಮೂಳೆ ಒಂದೇ, ಲೆಕ್ಕ ಮೂರು. ಯಾವುದನ್ನು ಹಿಡಿದು ಹೋಗಬೇಕು?

ಎರಡನೇದು, ಸಿ1 ಲ್ಯಾಟರಲ್ ಮಾಸ್‌ಗೆ (ಪಕ್ಕದ ದಪ್ಪ ಭಾಗಕ್ಕೆ) ಸ್ಕ್ರೂ ಹಾಕಬೇಕಾದರೆ, ಸಿ1ಕ್ಕೂ ಎರಡನೇ ಮೂಳೆ ಸಿ2ಕ್ಕೂ ನಡುವೆ ಹೊರಡುವ ಸಿ2 ನರದ ಗ್ಯಾಂಗ್ಲಿಯಾನ್ (ನರಕೋಶಗಳ ಗಂಟು) ಅಡ್ಡ ಬರುತ್ತದೆ. ಕೆಲವರು ಕತ್ತರಿಸುತ್ತಾರೆ, ಕೆಲವರು ಕೆಳಗೆ ತಳ್ಳಿ ಉಳಿಸಿಕೊಳ್ಳುತ್ತಾರೆ. ಎರಡಕ್ಕೂ ಕಾರಣ ಬೇಕು.

ಮೂರನೇದು, ಫಾರ್ ಲ್ಯಾಟರಲ್ ದಾರಿಯಲ್ಲಿ, ಅಂದರೆ ಹಿಂದಿನಿಂದ ಪಕ್ಕಕ್ಕೆ ಸರಿದು ಹೋಗುವಾಗ, ಆಕ್ಸಿಪಿಟಲ್ ಕಾಂಡೈಲ್ (ಸಿ1ರ ಮೇಲೆ ಕೂರುವ ಬುರುಡೆಯ ಗುಬಟು) ಕೊರೆಯುವಾಗ ಎಲ್ಲಿ ನಿಲ್ಲಿಸಬೇಕು? ಹೈಪೋಗ್ಲಾಸಲ್ ಕೆನಾಲ್ (ನಾಲಿಗೆಯ ನರ ಹಾಯುವ ಸುರಂಗ) ಹತ್ತಿರ ಬಂತು ಅಂತ ಡ್ರಿಲ್ ಹಿಡಿದವರಿಗೆ ಹೇಗೆ ಗೊತ್ತಾಗುತ್ತದೆ?

---

ಕತ್ತಿನಬುಡ ಉತ್ತರಿಸಿದ್ದು:

ಮೂರೂ ಲೆಕ್ಕ ಸರಿಯೇ, ಆದರೆ ಮೂರೂ ಒಂದೇ ಜಾಗದ್ದಲ್ಲ. ಹಿಂದಿನ ಆರ್ಚಿಗೆ ನಮ್ಮ ಕಡೆ ನೋಡುವ ಹಿಂಬದಿ ಒಂದು, ಬುರುಡೆಯ ಕಡೆಗಿರುವ ಮೇಲಂಚು ಇನ್ನೊಂದು. ಆರ್ಟರಿ ಮಲಗಿರುವುದು ಮೇಲಂಚಿನ ತೋಡಿನಲ್ಲಿ. ಅದಕ್ಕೇ ಹಿಂಬದಿಯಲ್ಲಿ 12 ಮಿ.ಮೀ. ಹೋಗಬಹುದಾದಲ್ಲಿ ಮೇಲಂಚಿನಲ್ಲಿ 8ಕ್ಕೇ ನಿಲ್ಲಬೇಕು. ಹಿಂಬದಿಗೆ 15, ಮೇಲಂಚಿಗೆ 10 ಅನ್ನುವ ಜೋಡಿ ಇದೇ ಮಾತನ್ನು ಸ್ವಲ್ಪ ಧಾರಾಳವಾಗಿ ಹೇಳುತ್ತದೆ. ಕಲಿಯುವಾಗ 12 ಮತ್ತು 8 ಇಟ್ಟುಕೊಳ್ಳಿ. ಇವೆಲ್ಲ ದೊಡ್ಡವರ ಮೂಳೆಯ ಅಳತೆ. ಮಕ್ಕಳಿಗೆ, ಸಣ್ಣ ಮೈಕಟ್ಟಿನವರಿಗೆ, ಹುಟ್ಟಿನಿಂದಲೇ ಸಿ1 ಸೊಟ್ಟಗಿರುವವರಿಗೆ ಇದನ್ನು ಹಚ್ಚಬೇಡಿ. ರೋಗಿಯ ಸಿಟಿಯಲ್ಲಿ ನಡುಗೆರೆಯಿಂದ ತೋಡಿನ ಒಳ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಅಳೆದು ಬೋರ್ಡಿನ ಮೇಲೆ ಬರೆದಿಟ್ಟರೆ ಪುಸ್ತಕದ ಲೆಕ್ಕದ ಅಗತ್ಯವೇ ಬೀಳುವುದಿಲ್ಲ.

ಇನ್ನು ಆರ್ಟರಿಯ ದಾರಿ. ಸಿ2ರ ಟ್ರಾನ್ಸ್‌ವರ್ಸ್ ಫೊರಾಮೆನ್‌ನಿಂದ (ಆರ್ಟರಿ ಹಾಯುವ ಪಕ್ಕದ ತೂತಿನಿಂದ) ಡ್ಯೂರಾವರೆಗಿನ (ಮೆದುಳು, ಬೆನ್ನುಹುರಿಯ ಹೊರಪೊರೆಯವರೆಗಿನ) ಭಾಗಕ್ಕೆ ವಿ3 ಅನ್ನುತ್ತಾರೆ. ಸಿ1ರ ಫೊರಾಮೆನ್ ಸಿ2ರದ್ದಕ್ಕಿಂತ ಹೊರಗಿರುವುದರಿಂದ ಆರ್ಟರಿ ಮೊದಲು ಹೊರಗಡೆ ವಾಲಿ ಮೇಲಕ್ಕೆ ಏರುತ್ತದೆ. ಸಿ1 ಫೊರಾಮೆನ್ ದಾಟಿದ ಮೇಲೆ ಲ್ಯಾಟರಲ್ ಮಾಸ್‌ನ ಬೆನ್ನು ಬಳಸಿಕೊಂಡು ಒಳಕ್ಕೆ ತಿರುಗಿ, ಆರ್ಚಿನ ತೋಡಿನಲ್ಲಿ ಅಡ್ಡಡ್ಡ ಸಾಗಿ, ಕೊನೆಗೆ ಮುಂದಕ್ಕೂ ಮೇಲಕ್ಕೂ ಬಾಗಿ ಅಟ್ಲಾಂಟೊ-ಆಕ್ಸಿಪಿಟಲ್ ಪೊರೆಯನ್ನೂ ಡ್ಯೂರಾವನ್ನೂ ತೂರುತ್ತದೆ. ಇಷ್ಟು ಸುತ್ತು ಯಾಕೆ ಅಂದರೆ, ಕತ್ತು ತಿರುಗುವುದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಸಿ1–ಸಿ2 ನಡುವೆಯೇ ನಡೆಯುತ್ತದೆ. ಸಡಿಲ ಇಲ್ಲದಿದ್ದರೆ ಪ್ರತಿ ಸಲ ತಲೆ ಹೊರಳಿಸಿದಾಗಲೂ ಆರ್ಟರಿ ಎಳೆದುಹೋಗುತ್ತಿತ್ತು. ನಮಗೆ ಬೇಕಾದ ಪಾಠ ಇಷ್ಟು: ತಲೆ ಕೊಂಚ ತಿರುಗಿದ್ದರೂ ಸಿ1 ಸಿ2ರ ಮೇಲೆ ತಿರುಗಿರುತ್ತದೆ, ನಡುಗೆರೆಯ ಅಂದಾಜು ಹಾಳಾಗುತ್ತದೆ. ತಲೆಯನ್ನು ಪಿನ್ನುಗಳಲ್ಲಿ ಬಿಗಿದಾದ ಮೇಲೆ ಫ್ಲೋರೋಸ್ಕೋಪಿಯಲ್ಲಿ (ಆಪರೇಷನ್ ಮೇಜಿನ ಮೇಲಿನ ಎಕ್ಸ್‌ರೇಯಲ್ಲಿ) ಡೆನ್ಸ್ (ಸಿ2ರಿಂದ ಮೇಲೇಳುವ ಹಲ್ಲಿನಂಥ ಮೂಳೆ) ಸಿ1ರ ಎರಡೂ ಲ್ಯಾಟರಲ್ ಮಾಸ್‌ಗಳ ನಟ್ಟನಡುವೆ ಇದೆಯೇ, ಸಿ2ರ ಸ್ಪೈನಸ್ ಪ್ರೊಸೆಸ್ (ಹಿಂದಕ್ಕೆ ಚಾಚಿದ ಮುಳ್ಳು) ಅದೇ ಗೆರೆಯಲ್ಲಿದೆಯೇ ನೋಡಿಕೊಳ್ಳಿ.

ತೆರೆಯುವ ಕ್ರಮ. ಚರ್ಮದ ಕೆಳಗೆ ನಡುವಿನ ಬಿಳಿ ಗೆರೆ, ಅಂದರೆ ಲಿಗಮೆಂಟಮ್ ನ್ಯೂಕೆ, ಬಿಟ್ಟು ಅತ್ತಿತ್ತ ಹೋಗಬೇಡಿ. ಅಲ್ಲಿ ರಕ್ತ ಹೆಚ್ಚು ಬರುವುದಿಲ್ಲ. ಸ್ನಾಯುವಿನ ಕೆಂಪು ಕಂಡಿತು ಅಂದರೆ ದಾರಿ ತಪ್ಪಿದೆ ಅಂತಲೇ ಅರ್ಥ. ಬೆರಳಿಗೆ ಮೊದಲು ಸಿಗುವ ದೊಡ್ಡ, ಕವಲೊಡೆದ ಗುಬಟು ಸಿ2ರ ಸ್ಪೈನಸ್ ಪ್ರೊಸೆಸ್. ಸಿ1ಕ್ಕೆ ಸ್ಪೈನಸ್ ಪ್ರೊಸೆಸ್ಸೇ ಇಲ್ಲ, ಹಿಂದಿನ ಟ್ಯೂಬರ್ಕಲ್ ಅನ್ನುವ ಸಣ್ಣ ಉಬ್ಬು ಮಾತ್ರ. ಅದೂ ಸಿ2 ಮತ್ತು ಆಕ್ಸಿಪಟ್ (ಬುರುಡೆಯ ಹಿಂಭಾಗದ ಮೂಳೆ) ನಡುವಿನ ಹಳ್ಳದಲ್ಲಿ ಅಡಗಿರುತ್ತದೆ. ಇಲ್ಲೇ ಬಹಳಷ್ಟು ಜನ ಎಡವುತ್ತಾರೆ: ಸಿ1 ಇನ್ನೂ ಆಳದಲ್ಲಿದೆ ಅಂತ ಮರೆತು, ಆಕ್ಸಿಪಟ್‌ನ ಅಂಚಿಗೂ ಆರ್ಚಿಗೂ ಮಧ್ಯದ ಸಂದಿಯಲ್ಲಿ ಮಾನೋಪೋಲಾರ್ ಕಾಟರಿ (ವಿದ್ಯುತ್ತಿನಿಂದ ಸುಡುವ ಕಡ್ಡಿ) ಇಳಿಸುತ್ತಾರೆ. ತಲೆ ಬಗ್ಗಿಸಿ ಮಲಗಿಸಿದಾಗ ಈ ಸಂದಿ ಅಗಲವಾಗಿ ತೆರೆದಿರುತ್ತದೆ, ಅಡ್ಡ ಇರುವುದು ಬರೀ ತೆಳು ಪೊರೆ, ಅದರ ಹಿಂದೆ ಡ್ಯೂರಾ. ಕೆಲವರಲ್ಲಿ ಆರ್ಚ್ ನಡುವಿನಲ್ಲಿ ಕೂಡಿಕೊಂಡೇ ಇರುವುದಿಲ್ಲ, ಆಗ ಟ್ಯೂಬರ್ಕಲ್ ಇರಬೇಕಾದ ಕಡೆಯಲ್ಲೇ ತೂತು. ಸಿಟಿ ನೋಡದೆ ಕಾಟರಿ ಇಟ್ಟರೆ ನೇರ ಡ್ಯೂರಾ ಮೇಲೆ.

ಟ್ಯೂಬರ್ಕಲ್ ಸಿಕ್ಕ ಮೇಲೆ ಅದರ ಮೇಲೆ ಅಂಟಿರುವ ರೆಕ್ಟಸ್ ಕ್ಯಾಪಿಟಿಸ್ ಪೋಸ್ಟೀರಿಯರ್ ಮೈನರ್ ಬಿಡಿಸಿ, ಆರ್ಚಿನ ಕೆಳ ಅರ್ಧ ಹಿಡಿದು ಪಕ್ಕಕ್ಕೆ ಹೋಗಿ. ಪೆನ್‌ಫೀಲ್ಡ್ ಅಥವಾ ಯಾವುದಾದರೂ ಮೊಂಡು ತುದಿಯ ಡಿಸೆಕ್ಟರ್, ಪೆರಿಯಾಸ್ಟಿಯಮ್ (ಮೂಳೆಯ ಮೇಲಿನ ಪೊರೆ) ಕೆಳಗಿನಿಂದಲೇ, ಮೂಳೆಗೆ ಒತ್ತಿಕೊಂಡು. ಹೋಗುತ್ತಾ ಹೋಗುತ್ತಾ ದಪ್ಪ ಆರ್ಚ್ ಇದ್ದಕ್ಕಿದ್ದಂತೆ ತೆಳುವಾಗಿ, ಮೇಲಂಚು ಕೆಳಗಿಳಿದಂತೆ ಕೈಗೆ ತಿಳಿಯುತ್ತದೆ. ಆ ಇಳಿಜಾರೇ ತೋಡಿನ ಶುರು. ಅದು ಕೈಗೆ ಸಿಕ್ಕ ಮೇಲೆ ಮಿಲಿಮೀಟರ್ ಲೆಕ್ಕ ಮರೆತುಬಿಡಿ. ಅಲ್ಲಿಂದಾಚೆ ಮೇಲಂಚಿಗೆ ಹೋಗುವ ಕೆಲಸವೇ ಇಲ್ಲ. ಸ್ಕ್ರೂಗೆ ಬೇಕಾದ ಜಾಗ ಆರ್ಚಿನ ಕೆಳಗಿದೆ. ಮಾನೋಪೋಲಾರನ್ನು ಟ್ಯೂಬರ್ಕಲ್ ಬಳಿಯೇ ಕೆಳಗಿಟ್ಟು ಬೈಪೋಲಾರ್ (ಎರಡು ತುದಿಗಳ ನಡುವೆ ಮಾತ್ರ ಸುಡುವ ಚಿಮಟ) ಎತ್ತಿಕೊಳ್ಳಿ.

ಸಿ1–ಸಿ2 ಮಾತ್ರ ಬೆಸೆಯುವುದಾದರೆ ಸಿ2ರ ಸ್ಪೈನಸ್ ಪ್ರೊಸೆಸ್‌ನ ಕೆಳಭಾಗಕ್ಕೆ ಅಂಟಿರುವ ಸೆಮಿಸ್ಪೈನಾಲಿಸ್ ಸರ್ವಿಸಿಸ್ ಬಿಡಿಸದೆ ಉಳಿಸಿಕೊಳ್ಳಿ. ಅದನ್ನು ಕಿತ್ತರೆ ಮುಂದೆ ಕತ್ತು ಮುಂದಕ್ಕೆ ವಾಲುತ್ತದೆ.

---

ಡ್ರಿಲ್‌ಬಿಟ್ ಉತ್ತರಿಸಿದ್ದು:

ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. "ಆರ್ಚ್ ತೆಳುವಾಗುವುದು ಕೈಗೆ ತಿಳಿಯುತ್ತದೆ" ಅನ್ನುವುದು ತೋಡು ತೆರೆದಿದ್ದರೆ ಮಾತ್ರ. ಕೆಲವರಲ್ಲಿ ತೋಡಿನ ಮೇಲೆ ಮೂಳೆಯ ಸೇತುವೆ ಬೆಳೆದು ತೋಡು ಸುರಂಗವಾಗಿರುತ್ತದೆ. ಪಾಂಟಿಕ್ಯುಲಸ್ ಪೋಸ್ಟಿಕಸ್ ಅಂತ ಅದರ ಹೆಸರು, ಪೂರ್ತಿ ಮುಚ್ಚಿದ್ದರೆ ಆರ್ಕುಯೇಟ್ ಫೊರಾಮೆನ್. ಅಪರೂಪದ್ದೇನಲ್ಲ. ಹಿಂದಿನಿಂದ ನೋಡಿದರೆ ಆರ್ಚ್ ಭಾರೀ ಎತ್ತರ, ಭಾರೀ ದಪ್ಪ ಅನ್ನಿಸುತ್ತದೆ. "ಇಷ್ಟು ಒಳ್ಳೇ ಮೂಳೆ ಇರುವಾಗ ಆರ್ಚಿನ ಮೂಲಕವೇ ಸ್ಕ್ರೂ ಹಾಕೋಣ, ಸಿ2 ಗ್ಯಾಂಗ್ಲಿಯಾನ್ ಗೊಡವೆಯೇ ಬೇಡ" ಅಂತ ಮನಸ್ಸು ಹೇಳುತ್ತದೆ. ಹಾಕಿದ ಸ್ಕ್ರೂ ಸುರಂಗದೊಳಗಿನ ಆರ್ಟರಿಯ ಮೇಲೇ ಹೋಗುತ್ತದೆ. ಪಕ್ಕದ ಎಕ್ಸ್‌ರೇಯಲ್ಲಿ ಆರ್ಚಿನ ಮೇಲೆ ಸಣ್ಣ ಉಂಗುರ ಕಂಡರೆ ಅದೇ ಇದು. ಅರ್ಧ ಬೆಳೆದ ಸೇತುವೆ ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳಬಹುದು, ಸಿಟಿಯ ಸ್ಯಾಜಿಟಲ್ (ಪಕ್ಕದಿಂದ ಸೀಳಿ ನೋಡಿದಂಥ) ಚಿತ್ರಗಳಲ್ಲಿ ತಪ್ಪುವುದಿಲ್ಲ.

ಆರ್ಚಿನ ಮೂಲಕ ಹಾಕಲೇಬೇಕೆಂದಿದ್ದರೆ ತೋಡಿನ ಕೆಳಗೆ ಉಳಿದಿರುವ ಮೂಳೆಯ ಎತ್ತರ ಕನಿಷ್ಠ 4 ಮಿ.ಮೀ. ಇರಬೇಕು, ಯಾಕೆಂದರೆ ಸ್ಕ್ರೂ ದಪ್ಪವೇ 3.5. ಅಷ್ಟಿಲ್ಲದಿದ್ದರೆ ಆರ್ಚ್ ಸೀಳುತ್ತದೆ, ಇಲ್ಲವೇ ಸ್ಕ್ರೂ ಮೇಲಕ್ಕೆ ಹೊರಬರುತ್ತದೆ.

ಸಾಮಾನ್ಯ ದಾರಿ ಹೀಗೆ. ಆರ್ಚ್ ಲ್ಯಾಟರಲ್ ಮಾಸ್‌ಗೆ ಸೇರುವ ಕಡೆ, ಆರ್ಚಿನ ಕೆಳಗೆ, ಲ್ಯಾಟರಲ್ ಮಾಸ್‌ನ ಹಿಂಬದಿಯ ಅಗಲದ ನಟ್ಟನಡುವೆ ಸ್ಕ್ರೂ ಶುರುವಾಗುವ ಜಾಗ. ನಡು ಎಲ್ಲಿ ಅಂತ ಕಣ್ಣಳತೆಯಲ್ಲಿ ಹೇಳಬೇಡಿ. ಒಳಗೋಡೆಯನ್ನು ಮೊಂಡು ಪ್ರೋಬಿನಿಂದ ಮುಟ್ಟಿ, ಹೊರ ಅಂಚನ್ನೂ ಮುಟ್ಟಿ, ಆಮೇಲೆ ನಡು ಹಿಡಿಯಿರಿ. ಆರ್ಚಿನ ಕೆಳತುಟಿ ಅಡ್ಡ ಬಂದರೆ 2 ಮಿ.ಮೀ. ಬರ್‌ನಿಂದ (ಡ್ರಿಲ್ಲಿನ ಗುಂಡು ತುದಿಯಿಂದ) ಅರ್ಧಚಂದ್ರದಷ್ಟು ಕೆರೆದು ಜಾಗ ಮಾಡಿ. ಅದೇ ಬರ್‌ನಿಂದ ಶುರುವಿನ ಗುಳಿಯನ್ನೂ ಕೊರೆಯಿರಿ, ಇಲ್ಲದಿದ್ದರೆ ಇಳಿಜಾರು ಮೂಳೆಯ ಮೇಲೆ ಡ್ರಿಲ್ ಜಾರುತ್ತದೆ. ದಿಕ್ಕು ಮೇಲಿನಿಂದ ನೋಡಿದಾಗ ನೇರ ಅಥವಾ 10–15 ಡಿಗ್ರಿ ಒಳಕ್ಕೆ, ಪಕ್ಕದಿಂದ ನೋಡಿದಾಗ ಆರ್ಚಿಗೆ ಸಮಾನಾಂತರವಾಗಿ.

ಇನ್ನು ತುದಿ. ಪಕ್ಕದ ಫ್ಲೋರೋಸ್ಕೋಪಿಯಲ್ಲಿ ಸಿ1ರ ಮುಂದಿನ ಆರ್ಚ್ ಕಣ್ಣಿಗೆ ರಾಚುವಂತೆ ಕಾಣುತ್ತದೆ, ಎಲ್ಲರೂ ಅದನ್ನೇ ಗುರಿ ಇಟ್ಟುಕೊಳ್ಳುತ್ತಾರೆ. ಗುರಿ ಸರಿ, ಆಳ ತಪ್ಪು. ಮುಂದಿನ ಆರ್ಚಿನ ಟ್ಯೂಬರ್ಕಲ್ ನಡುವಿನಲ್ಲಿದೆ, ಮುಂದಕ್ಕೆ ಚಾಚಿಕೊಂಡಿದೆ. ಲ್ಯಾಟರಲ್ ಮಾಸ್‌ನ ಮುಂಗೋಡೆ ಅದಕ್ಕಿಂತ ಹಿಂದಿದೆ. ಚಿತ್ರದಲ್ಲಿ ತುದಿ ಆರ್ಚಿನ ಮುಂದಂಚಿಗೆ ತಾಗಿದಂತೆ ಕಂಡರೆ ನಿಜದಲ್ಲಿ ಮೂಳೆ ದಾಟಿಯಾಗಿದೆ. ಆಚೆ ಇರುವುದು ಇಂಟರ್ನಲ್ ಕ್ಯಾರೊಟಿಡ್ (ಮೆದುಳಿಗೆ ಹೋಗುವ ದೊಡ್ಡ ಆರ್ಟರಿ) ಮತ್ತು ಹೈಪೋಗ್ಲಾಸಲ್ ನರ. ಕ್ಯಾರೊಟಿಡ್ ಕೆಲವರಲ್ಲಿ ಒಳಕ್ಕೆ ಸರಿದು ಲ್ಯಾಟರಲ್ ಮಾಸ್‌ಗೆ ಅಂಟಿಕೊಂಡಂತೆಯೇ ಇರುತ್ತದೆ. ಅಂಥವರಿಗೆ ಎರಡನೇ ಕಾರ್ಟೆಕ್ಸ್ (ಮುಂಗೋಡೆಯ ಗಟ್ಟಿ ಪದರ) ಹಿಡಿಯುವ ಆಸೆ ಬಿಡಿ.

ಸ್ಕ್ರೂವಿನ ಮೇಲ್ತುದಿಯ ಸುಮಾರು 10 ಮಿ.ಮೀ. ಮರೆ (ಸುರುಳಿ ಗೀರು) ಇಲ್ಲದ ನುಣುಪು ಇರುವಂಥದ್ದನ್ನು ಆರಿಸಿ. ಆ ಭಾಗ ಮೂಳೆಯ ಹೊರಗೆ, ಸಿ2 ನರದ ಪಕ್ಕದಲ್ಲೇ ನಿಲ್ಲುತ್ತದೆ. ಮರೆ ಇದ್ದರೆ ನರಕ್ಕೆ ಉಜ್ಜುತ್ತದೆ. ಉದ್ದ ಅಳೆಯುವಾಗ ಈ ನುಣುಪು ಭಾಗ ಸೇರಿಸುವುದನ್ನು ಮರೆತು ಗಿಡ್ಡ ಸ್ಕ್ರೂ ಹಾಕಿಬಿಟ್ಟರೆ ತಲೆ ಆಳದಲ್ಲಿ ಹೂತುಹೋಗಿ ರಾಡ್ ಕೂರುವುದಿಲ್ಲ.

ಗ್ಯಾಂಗ್ಲಿಯಾನ್ ವಿಷಯ: ಗೋಯೆಲ್ ವಿಧಾನ, ಅಂದರೆ 1994ರಲ್ಲಿ ಬರಹಕ್ಕೆ ಬಂದ ಪ್ಲೇಟ್-ಸ್ಕ್ರೂ ಕ್ರಮ, ಅದನ್ನು ಕತ್ತರಿಸುತ್ತದೆ. 2001ರ ಹಾರ್ಮ್ಸ್ ಕ್ರಮ ಕೆಳಕ್ಕೆ ಸರಿಸುತ್ತದೆ. ನನ್ನ ಮತ ಸರಿಸುವುದಕ್ಕೇ. ತಲೆಯ ಹಿಂಭಾಗದ ಬಹುಪಾಲು ಸ್ಪರ್ಶ ಕೊಡುವ ನರವನ್ನು ಸುಮ್ಮನೆ ಬಲಿ ಕೊಡಲು ಕಾರಣ ಬೇಕು.

---

ಕತ್ತಿನಬುಡ ಉತ್ತರಿಸಿದ್ದು:

ಕಾರಣ ಇದೆ. ಬರೀ ಸ್ಕ್ರೂ ಹಾಕುವುದಾದರೆ ಸರಿಸಿದರೆ ಸಾಕು, ಒಪ್ಪುತ್ತೇನೆ. ಆದರೆ ಸಿ1–ಸಿ2 ಜಾಯಿಂಟ್ ತೆರೆದು ಕಾರ್ಟಿಲೇಜ್ ಕೆರೆದು ಸ್ಪೇಸರ್ ಕೂರಿಸಬೇಕಾದಾಗ, ಬೇಸಿಲಾರ್ ಇನ್ವ್ಯಾಜಿನೇಷನ್‌ನಲ್ಲಿ (ಡೆನ್ಸ್ ಬುರುಡೆಯೊಳಕ್ಕೆ ಏರಿದಾಗ) ಡೆನ್ಸನ್ನು ಕೆಳಗೆಳೆಯಬೇಕಾದಾಗ, ಗ್ಯಾಂಗ್ಲಿಯಾನ್ ಜಾಯಿಂಟಿನ ಬಾಗಿಲಿಗೇ ಅಡ್ಡ ಮಲಗಿರುತ್ತದೆ. ಉಳಿಸುತ್ತೇವೆ ಅಂತ ಗಂಟೆಗಟ್ಟಲೆ ಎಳೆದು, ಜಜ್ಜಿ, ಸುತ್ತಲಿನ ರಕ್ತಕ್ಕೆ ಬೈಪೋಲಾರ್ ಹಚ್ಚಿ ಸುಟ್ಟ ನರಕ್ಕಿಂತ ಕತ್ತರಿಸಿದ ನರ ವಾಸಿ. ಕತ್ತರಿಸಿದರೆ ಮರಗಟ್ಟುತ್ತದೆ, ಅದಕ್ಕೆ ರೋಗಿ ಹೊಂದಿಕೊಳ್ಳುತ್ತಾರೆ. ಅರ್ಧ ಜಜ್ಜಿದರೆ ಉರಿನೋವು, ಅದಕ್ಕೆ ಹೊಂದಿಕೊಳ್ಳುವುದು ಕಷ್ಟ. ಕತ್ತರಿಸುವುದಾದರೆ ಗ್ಯಾಂಗ್ಲಿಯಾನ್‌ನ ಒಳಗಡೆ, ಅಂದರೆ ಬೆನ್ನುಹುರಿಯ ಕಡೆ, ಒಂದೇ ಏಟಿಗೆ ಸ್ವಚ್ಛವಾಗಿ. ಗ್ಯಾಂಗ್ಲಿಯಾನ್‌ನಿಂದ ಹೊರಗೆ ಕತ್ತರಿಸಿದರೆ ಜೀವಂತ ನರಕೋಶಗಳು ಒಳಗೆ ಉಳಿದು ನ್ಯೂರೋಮಾಗೆ (ನೋಯುವ ನರದ ಗಂಟಿಗೆ) ದಾರಿ. ಬೇರಿನ ತುದಿಯಲ್ಲಿ ಡ್ಯೂರಾದ ತೋಳು ತೆರೆದುಕೊಂಡಿದ್ದರೆ ಬೆನ್ನುಹುರಿ ದ್ರವ ಸೋರುತ್ತದೆ, ಮುಚ್ಚಿ.

ರೋಗಿಗೆ ಇದನ್ನು ಆಪರೇಷನ್‌ಗೆ ಮುಂಚೆಯೇ ಹೇಳಿರಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

---

ಹೊಸಕೈ ಕೇಳಿದ್ದು:

ಧನ್ಯವಾದ, ತೋಡಿನ ಇಳಿಜಾರಿನ ವಿಷಯ ಚೆನ್ನಾಗಿ ತಲೆಗೆ ಹೋಯಿತು. ಎರಡು ಉಪಪ್ರಶ್ನೆ. ಸಿ2 ನರದ ಸುತ್ತ ಬರುವ ರಕ್ತವನ್ನು ಹೇಗೆ ನಿಲ್ಲಿಸುವುದು? ಅದು ವೀನ್ ಅಲ್ಲ, ಆರ್ಟರಿಯೇ ಆಗಿದ್ದರೆ?

---

ನಾಳಜಾಲ ಉತ್ತರಿಸಿದ್ದು:

ವಿ3 ಸುತ್ತಲೂ ಸಿ2 ಬೇರಿನ ಸುತ್ತಲೂ ವೀನ್‌ಗಳ ಗೊಂಚಲೇ ಇದೆ. ಆರ್ಟರಿ ಆ ಗೊಂಚಲಿನ ಒಳಗೆ ಮುಳುಗಿರುವುದರಿಂದ ಇದನ್ನು ಸಬ್‌ಆಕ್ಸಿಪಿಟಲ್ ಕ್ಯಾವರ್ನಸ್ ಸೈನಸ್ ಅಂತಲೂ ಕರೆಯುತ್ತಾರೆ. ಕಪ್ಪು ರಕ್ತ ತುಂಬಿ ಬಂದರೆ ವೀನ್, ಕೆಂಪಗೆ ಮಿಡಿಯುತ್ತಾ ಚಿಮ್ಮಿದರೆ ಆರ್ಟರಿ. ವೀನ್ ಆದರೆ ಹುಡುಕುತ್ತಾ ಸುಡಲು ಹೋಗಬೇಡಿ, ಒಂದು ಸುಟ್ಟರೆ ಪಕ್ಕದ್ದು ಹರಿಯುತ್ತದೆ. ರಕ್ತ ನಿಲ್ಲಿಸುವ ಸರ್ಜಿಸೆಲ್ ಅಥವಾ ಜೆಲ್‌ಫೋಮ್ ತುಂಡು, ಅದರ ಮೇಲೆ ಒದ್ದೆ ಹತ್ತಿ ಪಟ್ಟಿ, ಮೆತ್ತಗೆ ಒತ್ತಿ ಕೆಲವು ನಿಮಿಷ ಬಿಟ್ಟುಬಿಡಿ. ಅಷ್ಟರಲ್ಲಿ ಇನ್ನೊಂದು ಪಕ್ಕದಲ್ಲಿ ಕೆಲಸ ಮಾಡಿ. ಹೊಟ್ಟೆ ಮೇಜಿಗೆ ಒತ್ತಿಕೊಂಡಿದೆಯೇ ನೋಡಿ. ಹೊಟ್ಟೆ ಒತ್ತಿದರೆ ವೀನ್‌ಗಳೆಲ್ಲ ಉಬ್ಬುತ್ತವೆ, ಮೇಲೆ ಎಷ್ಟು ಹತ್ತಿ ತುರುಕಿದರೂ ಪ್ರಯೋಜನ ಇಲ್ಲ. ತಲೆಯ ಕಡೆಯನ್ನು ಎದೆಗಿಂತ ಸ್ವಲ್ಪ ಎತ್ತರಿಸಿದರೆ ರಕ್ತ ಇಳಿಯುತ್ತದೆ, ಆದರೆ ಜಾಸ್ತಿ ಎತ್ತಿದರೆ ತೆರೆದ ವೀನ್ ಗಾಳಿ ಹೀರುತ್ತದೆ. ಅರಿವಳಿಕೆಯವರಿಗೆ ಹೇಳದೆ ಮೇಜು ಎತ್ತಿಸಬೇಡಿ.

ರಕ್ತ ಬಾರದಂತೆ ನೋಡಿಕೊಳ್ಳುವ ದಾರಿಯೂ ಇದೆ: ಆರ್ಚಿನ ಕೆಳಂಚಿನಿಂದ ಪೆರಿಯಾಸ್ಟಿಯಮ್ ಬಿಡಿಸುತ್ತಾ ಗೊಂಚಲು, ನರ ಎಲ್ಲವನ್ನೂ ಒಂದೇ ಹಾಳೆಯಂತೆ ಕೆಳಗೆ ತಳ್ಳುವುದು. ಹಾಳೆ ಹರಿಯದಿದ್ದರೆ ರಕ್ತವೂ ಇಲ್ಲ.

ಆರ್ಟರಿ ಹರಿದಿದ್ದರೆ ಮೊದಲ ಕೆಲಸ ಬೆರಳು, ಒತ್ತಡ. ಕ್ಲಿಪ್, ಬೈಪೋಲಾರ್ ಕುರುಡಾಗಿ ಹಾಕಬೇಡಿ, ಪಕ್ಕದಲ್ಲೇ ಬೆನ್ನುಹುರಿ ಇದೆ. ಡ್ರಿಲ್ ಮಾಡಿದ ತೂತಿನಿಂದ ಚಿಮ್ಮುತ್ತಿದ್ದರೆ ಆ ತೂತಿಗೇ ಸ್ಕ್ರೂ ಹಾಕಿ ಮುಚ್ಚಬಹುದು, ಇಲ್ಲವೇ ಬೋನ್ ವ್ಯಾಕ್ಸ್ (ಮೂಳೆಗೆ ಸವರುವ ಮೇಣ). ಇಲ್ಲಿ ನೆನಪಿಡಬೇಕಾದ ಕಟ್ಟುನಿಟ್ಟು ಒಂದೇ: ಒಂದು ಕಡೆ ಆರ್ಟರಿಗೆ ಪೆಟ್ಟಾದರೆ ಇನ್ನೊಂದು ಕಡೆ ಆರ್ಟರಿಗೆ ಅಪಾಯ ಇರುವ ಸ್ಕ್ರೂ ಹಾಕುವಂತಿಲ್ಲ. ಎರಡೂ ಹೋದರೆ ಮೆದುಳುಕಾಂಡಕ್ಕೆ ರಕ್ತವೇ ಇಲ್ಲದಂತಾಗಬಹುದು. ಆ ಕಡೆ ಸಿ2 ಲ್ಯಾಮಿನಾದೊಳಗೆ (ಹಿಂಬದಿಯ ಮೂಳೆ ಹಲಗೆಯೊಳಗೆ) ಅಡ್ಡ ಹಾಕುವ ಸ್ಕ್ರೂ ಅಥವಾ ತಂತಿ-ಮೂಳೆ ಕಟ್ಟಿನಂಥ ದಾರಿ ಹಿಡಿಯಿರಿ. ರಕ್ತ ನಿಂತಿತು ಅಂತ ಸಮಾಧಾನಪಟ್ಟು ವಾರ್ಡಿಗೆ ಕಳಿಸಬೇಡಿ, ಆಂಜಿಯೋಗ್ರಾಂ ಆಗಲೇಬೇಕು. ಸ್ಯೂಡೋಅನ್ಯೂರಿಸಂ (ಹರಿದ ಆರ್ಟರಿಯ ಪಕ್ಕದ ರಕ್ತದ ಚೀಲ), ಫಿಸ್ಟುಲಾ (ಆರ್ಟರಿ ನೇರ ವೀನ್‌ಗೆ ಕೂಡಿಕೊಳ್ಳುವುದು) ದಿನಗಳು ಕಳೆದು ಕಾಣಿಸಿಕೊಳ್ಳುತ್ತವೆ.

ಇದೆಲ್ಲ ಆದ ಮೇಲಿನ ಮಾತು. ಮುಂಚೆ ಮಾಡಬೇಕಾದ್ದು ಸಿಟಿ ಆಂಜಿಯೋಗ್ರಾಂ. ಅದರಲ್ಲಿ ಹುಡುಕಬೇಕಾದ್ದು:

ಯಾವ ಕಡೆ ದಪ್ಪ? ಸಾಮಾನ್ಯವಾಗಿ ಎಡ, ಆದರೆ ನೋಡಿಯೇ ಹೇಳಬೇಕು. ಒಂದು ಆರ್ಟರಿ ಬೇಸಿಲಾರ್‌ಗೆ (ಎರಡೂ ಕೂಡಿ ಆಗುವ ಆರ್ಟರಿಗೆ) ಸೇರದೆ ಪೈಕಾದಲ್ಲೇ (ಕಿರುಮೆದುಳಿಗೆ ಹೋಗುವ ಕವಲಿನಲ್ಲೇ) ಮುಗಿದಿದ್ದರೆ ಇನ್ನೊಂದೇ ಆಧಾರ. ಮೊದಲ ಸ್ಕ್ರೂವನ್ನು ಆ ಆಧಾರದ ಕಡೆ ಹಾಕಿ ಪ್ರಯೋಗ ಮಾಡಬೇಡಿ.

ಸಿ2ರಲ್ಲಿ ಆರ್ಟರಿ ಎಷ್ಟು ಮೇಲೆ ಏರಿದೆ? ಸಿ2ರ ಮೇಲಿನ ಜಾಯಿಂಟ್ ಮುಖದ ಕೆಳಗೆ ಆರ್ಟರಿ ಬಾಗುತ್ತದೆ. ಬಾಗು ಎತ್ತರಕ್ಕೆ ಹೋಗಿದ್ದರೆ ಇಸ್ತ್ಮಸ್ (ಸಿ2ರ ಕಿರಿದಾದ ನಡುಭಾಗ) ಸವೆದು ತೆಳುವಾಗಿರುತ್ತದೆ. ಬೆನ್ನುಹುರಿಯ ಕೆನಾಲಿನ ಗೋಡೆಯಿಂದ 3 ಮಿ.ಮೀ. ಹೊರಗಿನ ಸ್ಯಾಜಿಟಲ್ ಚಿತ್ರದಲ್ಲಿ ಇಸ್ತ್ಮಸ್ ಎತ್ತರ 5 ಮಿ.ಮೀ. ಅಥವಾ ಕಡಿಮೆ, ಇಲ್ಲವೇ ಜಾಯಿಂಟ್ ಮುಖದ ಕೆಳಗಿನ ಮೂಳೆ 2 ಮಿ.ಮೀ. ಅಥವಾ ಕಡಿಮೆ ಇದ್ದರೆ ಹೈ ರೈಡಿಂಗ್ ಅನ್ನುತ್ತಾರೆ. ಅಲ್ಲಿ ಸಿ2ರಿಂದ ಜಾಯಿಂಟ್ ದಾಟಿ ಸಿ1ಕ್ಕೆ ಹೋಗುವ ಮಾಗರ್ಲ್ ಟ್ರಾನ್ಸ್‌ಆರ್ಟಿಕ್ಯುಲರ್ ಸ್ಕ್ರೂ ಬೇಡ. ಗಿಡ್ಡ ಪಾರ್ಸ್ (ಇಸ್ತ್ಮಸ್) ಸ್ಕ್ರೂ, 14–16 ಮಿ.ಮೀ., ಫೊರಾಮೆನ್‌ಗೆ ಮುಂಚೆಯೇ ನಿಲ್ಲುವಂಥದ್ದು ಆಗಬಹುದು. ಅದಕ್ಕೂ ಜಾಗ ಇಲ್ಲದಿದ್ದರೆ ಲ್ಯಾಮಿನಾ.

ಮೂರನೇದು ಬಹಳ ಮುಖ್ಯ, ಕತ್ತಿನಬುಡ ಅವರ "ಒಂದೇ ಏಟಿಗೆ ಕತ್ತರಿಸಿ" ಅನ್ನುವ ಮಾತಿಗೂ ಸಂಬಂಧಪಟ್ಟದ್ದು. ಕೆಲವರಲ್ಲಿ ವರ್ಟಿಬ್ರಲ್ ಆರ್ಟರಿ ಸಿ1 ಫೊರಾಮೆನ್‌ಗೆ ಹೋಗುವುದೇ ಇಲ್ಲ. ಸಿ2ರಿಂದ ಹೊರಬಂದು ಸಿ1 ಆರ್ಚಿನ ಕೆಳಗಿನಿಂದಲೇ ಕೆನಾಲಿನೊಳಗೆ ನುಗ್ಗುತ್ತದೆ. ಇನ್ನು ಕೆಲವರಲ್ಲಿ ಎರಡಾಗಿ ಕವಲೊಡೆದು ಒಂದು ಕವಲು ಮೇಲೆ, ಇನ್ನೊಂದು ಕೆಳಗೆ. ಮತ್ತೆ ಕೆಲವರಲ್ಲಿ ಪೈಕಾ ಡ್ಯೂರಾದ ಹೊರಗೇ ಹುಟ್ಟಿ ಸಿ1–ಸಿ2 ನಡುವೆ ಒಳಗೆ ಹೋಗುತ್ತದೆ. ಆರ್ಚಿನ ಕೆಳಗೇ ಇರಿ, ಅದು ಸುರಕ್ಷಿತ ಅಂತ ಮೇಲೆ ಬಂದ ಸಲಹೆ ಇಂಥವರಲ್ಲಿ ತಲೆಕೆಳಗು. ಸಿ2 ಬೇರಿನ ಜಾಗದಲ್ಲೇ ಆರ್ಟರಿ ಕೂತಿರುತ್ತದೆ. ಸಿ1 ಆಕ್ಸಿಪಟ್‌ಗೆ ಬೆಸೆದುಕೊಂಡೇ ಹುಟ್ಟಿದವರಲ್ಲಿ, ಸಿ2–ಸಿ3 ಅಂಟಿಕೊಂಡವರಲ್ಲಿ ಇದು ಹೆಚ್ಚು, ಮತ್ತು ನಾವು ಸ್ಕ್ರೂ ಹಾಕುವ ರೋಗಿಗಳಲ್ಲಿ ಅಂಥವರೇ ಹೆಚ್ಚು. ಹಾಗಾಗಿ ಗ್ಯಾಂಗ್ಲಿಯಾನ್ ಅಂತ ಕಂಡದ್ದನ್ನೆಲ್ಲ ಕತ್ತರಿಸುವ ಮುಂಚೆ ಮೈಕ್ರೋಡಾಪ್ಲರ್ (ರಕ್ತದ ಹರಿವಿನ ಸದ್ದು ಕೇಳಿಸುವ ಉಪಕರಣ) ತುದಿ ಒಂದು ಸಲ ಇಟ್ಟು ಕೇಳಿ.

---

ಕತ್ತಿನಬುಡ ಉತ್ತರಿಸಿದ್ದು:

ಒಪ್ಪಿದೆ. ಮೇಲಿನ ನನ್ನ ಉತ್ತರ ಆರ್ಟರಿ ಸಾಮಾನ್ಯ ದಾರಿಯಲ್ಲಿದೆ ಅಂತ ಸಿಟಿಯಲ್ಲಿ ಖಾತ್ರಿಯಾದವರಿಗೆ ಮಾತ್ರ ಅಂತ ಓದಿಕೊಳ್ಳಿ.

---

ಬುಡದಮೂಳೆ ಉತ್ತರಿಸಿದ್ದು:

ಕಾಂಡೈಲ್ ಪ್ರಶ್ನೆ ಹಾಗೇ ಉಳಿದಿದೆ.

ಕಾಂಡೈಲ್‌ಗಳು ಫೊರಾಮೆನ್ ಮ್ಯಾಗ್ನಮ್‌ನ (ಬೆನ್ನುಹುರಿ ಇಳಿಯುವ ಬುರುಡೆಯ ದೊಡ್ಡ ತೂತಿನ) ಮುಂದಿನ ಅರ್ಧದ ಎರಡೂ ಅಂಚಿನಲ್ಲಿ, ಮುಂದೆ ಹೋಗುತ್ತಾ ಒಂದಕ್ಕೊಂದು ಹತ್ತಿರವಾಗುವಂತೆ ಕೂತಿವೆ. ಉದ್ದ ಸುಮಾರು 21 ಮಿ.ಮೀ. ಹೈಪೋಗ್ಲಾಸಲ್ ಕೆನಾಲ್ ಕಾಂಡೈಲಿನ ಮೇಲೆ, ಅದನ್ನು ಅಡ್ಡ ಹಾಯ್ದು ಹೋಗುತ್ತದೆ: ಒಳಗಿನ ಬಾಯಿ ಹಿಂದೆ, ಹೊರಗಿನ ಬಾಯಿ ಮುಂದೆ, ನಡುಗೆರೆಗೆ ಸುಮಾರು 45 ಡಿಗ್ರಿ. ಕಾಂಡೈಲನ್ನು ಉದ್ದಕ್ಕೆ ಮೂರು ಪಾಲು ಮಾಡಿ. ಹಿಂದಿನ ಪಾಲೂ ನಡುವಿನ ಪಾಲೂ ಸೇರುವ ಕಡೆ, ಅದರಿಂದ 5 ಮಿ.ಮೀ. ಮೇಲೆ ಒಳಬಾಯಿ. ನಡುವಿನದೂ ಮುಂದಿನದೂ ಸೇರುವ ಕಡೆಯ ಮೇಲೆ ಹೊರಬಾಯಿ. ಹಿಂದಂಚಿನಿಂದ ಒಳಬಾಯಿಗೆ ಸುಮಾರು 8 ಮಿ.ಮೀ. ಅಂದರೆ ಹಿಂದಿನ ಮೂರನೇ ಒಂದು ಪಾಲು ಕೊರೆದರೆ ಕೆನಾಲ್ ಬಾಗಿಲಿಗೆ ಬಂದಂತೆ. ಫೊರಾಮೆನ್ ಮ್ಯಾಗ್ನಮ್ ಮುಂಭಾಗದ ಎಷ್ಟೋ ಮೆನಿಂಜಿಯೋಮಾಗಳಿಗೆ (ಮೆದುಳುಪೊರೆಯ ಗೆಡ್ಡೆಗಳಿಗೆ) ಅಷ್ಟೂ ಬೇಕಾಗುವುದಿಲ್ಲ. ಗೆಡ್ಡೆಯೇ ಮೆದುಳುಕಾಂಡವನ್ನು ಪಕ್ಕಕ್ಕೆ ತಳ್ಳಿ ದಾರಿ ಮಾಡಿಕೊಟ್ಟಿರುತ್ತದೆ. ಕಾಂಡೈಲ್ ಮುಟ್ಟುವ ಮುಂಚೆ ಸಿ1ರ ಅರ್ಧ ಆರ್ಚ್ ತೆಗೆದು, ಫೊರಾಮೆನ್ ಮ್ಯಾಗ್ನಮ್ ಪಕ್ಕದ ಮೂಳೆಯನ್ನು ಕಾಂಡೈಲಿನ ಹಿಂದಂಚಿನವರೆಗೂ ತೆಗೆದು ನೋಡಿ.

ಡ್ರಿಲ್ ಹಿಡಿದವರಿಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ್ದೀರಿ. ಮೂಳೆಯ ಬಣ್ಣವೂ ಸದ್ದೂ ಹೇಳುತ್ತವೆ. ಹೊರಗೆ ಬಿಳಿ ಗಟ್ಟಿ ಕಾರ್ಟೆಕ್ಸ್, ಆಮೇಲೆ ಕೆಂಪು ಮಿಶ್ರಿತ ಸ್ಪಂಜಿನಂಥ ಕ್ಯಾನ್ಸೆಲಸ್ ಮೂಳೆ, ಡ್ರಿಲ್ ಸದ್ದು ಮೆತ್ತಗಾಗುತ್ತದೆ, ರಕ್ತ ಜಿನುಗುತ್ತದೆ. ಅದಾದ ಮೇಲೆ ಮತ್ತೆ ಗಟ್ಟಿ ಬಿಳಿ ಪದರ ಸಿಕ್ಕರೆ ಅದೇ ಕೆನಾಲಿನ ಗೋಡೆ. ಅಲ್ಲಿಂದಾಚೆ ಡೈಮಂಡ್ ಬರ್, ಧಾರಾಳ ನೀರು. ಗೋಡೆ ತೆಳುವಾದಂತೆ ಒಳಗಿನ ವೀನ್‌ಗಳ ನೀಲಿ ಛಾಯೆ ಹೊಳೆಯುತ್ತದೆ. ನೀಲಿ ಕಂಡ ಮೇಲೂ ಮುಂದುವರಿದರೆ ಮೊದಲು ರಕ್ತ, ಆಮೇಲೆ ನಾಲಿಗೆಯ ಆ ಪಕ್ಕ ಸೊರಗುವುದು. ನೀರು ಕಡಿಮೆಯಾದರೆ ಮೂಳೆ ತೂತಾಗದೆಯೇ ನರ ಬಿಸಿಗೆ ಬೇಯುತ್ತದೆ, ಇದನ್ನು ಬಹಳ ಜನ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಹೊಸಬರು ಗಲಿಬಿಲಿಗೊಳ್ಳುವ ಇನ್ನೊಂದು ತೂತು ಇದೆ. ಕಾಂಡೈಲಿನ ಹಿಂದಿನ ಹಳ್ಳದಲ್ಲಿ ಪೋಸ್ಟೀರಿಯರ್ ಕಾಂಡೈಲರ್ ಕೆನಾಲ್. ಅದರೊಳಗೆ ಎಮಿಸರಿ ವೀನ್, ಸಿಗ್ಮಾಯ್ಡ್ ಸೈನಸ್ ಅಥವಾ ಜುಗ್ಯುಲರ್ ಬಲ್ಬ್ (ಬುರುಡೆಯ ದೊಡ್ಡ ವೀನ್‌ಗಳು) ಕಡೆಗೆ ಹೋಗುವಂಥದ್ದು. ಡ್ರಿಲ್ ಶುರುವಾದ ಕೂಡಲೇ ಕಪ್ಪು ರಕ್ತ ಬಂದರೆ ಸಾಮಾನ್ಯವಾಗಿ ಇದೇ, ಹೈಪೋಗ್ಲಾಸಲ್ ಅಲ್ಲ, ಗಾಬರಿ ಬೇಡ. ಬೋನ್ ವ್ಯಾಕ್ಸ್ ಸವರಿ ಮುಚ್ಚಿ. ಸವರಿ ಅಂದೆ, ತುರುಕಿ ಅನ್ನಲಿಲ್ಲ. ಉಂಡೆ ಮಾಡಿ ಒಳಗೆ ದೂಡಿದರೆ ಸೈನಸ್‌ಗೆ ಹೋಗಿ ಕೂರುತ್ತದೆ. ಈ ವೀನ್ ಎರಡೂ ಕಡೆ ಇರಲೇಬೇಕು ಅಂತೇನಿಲ್ಲ.

ಫಾರ್ ಲ್ಯಾಟರಲ್‌ನಲ್ಲಿ ಆರ್ಟರಿಯನ್ನು ಹುಡುಕುವುದು ಸಬ್‌ಆಕ್ಸಿಪಿಟಲ್ ತ್ರಿಕೋನದಲ್ಲಿ. ಮೇಲೆ ಒಳಗಡೆ ರೆಕ್ಟಸ್ ಮೇಜರ್, ಮೇಲೆ ಹೊರಗಡೆ ಸುಪೀರಿಯರ್ ಓಬ್ಲೀಕ್, ಕೆಳಗೆ ಇನ್ಫೀರಿಯರ್ ಓಬ್ಲೀಕ್. ಕೊನೆಯ ಎರಡೂ ಸ್ನಾಯುಗಳು ಸಿ1ರ ಟ್ರಾನ್ಸ್‌ವರ್ಸ್ ಪ್ರೊಸೆಸ್‌ಗೆ ಅಂಟಿವೆ. ಅದನ್ನು ಬೆರಳಿನಲ್ಲಿ ಮುಟ್ಟಿ ಹಿಡಿದರೆ ತ್ರಿಕೋನದ ಹೊರಮೂಲೆ ಸಿಕ್ಕಿತು. ತಳದಲ್ಲಿ ಆರ್ಟರಿ, ಅದಕ್ಕೂ ಆರ್ಚಿಗೂ ನಡುವೆ ಸಿ1 ನರ. ಆರ್ಟರಿಯಿಂದ ಹೊರಡುವ ಸಣ್ಣ ಕವಲುಗಳಲ್ಲಿ ಸ್ನಾಯುವಿನದ್ದನ್ನು ಸುಡಬಹುದು. ಡ್ಯೂರಾ ಕಡೆಗೆ ಹೋಗುವ ಕವಲು ಕಂಡರೆ ಕೈ ತಡೆಯಿರಿ, ಪೈಕಾ ಅಥವಾ ಪೋಸ್ಟೀರಿಯರ್ ಸ್ಪೈನಲ್ ಆರ್ಟರಿ ಆಗಿರಬಹುದು. ಡ್ಯೂರಾ ತೆರೆಯುವಾಗ ಆರ್ಟರಿ ಒಳಹೋಗುವ ಕಡೆ ಅದಕ್ಕೆ ಗಟ್ಟಿಯಾಗಿ ಅಂಟಿರುವ ಉಂಗುರವನ್ನು ಬಿಡಿಸಲು ಹೋಗದೆ, ಸುತ್ತ ಕೆಲವು ಮಿ.ಮೀ. ಡ್ಯೂರಾ ಕಾಲರಿನಂತೆ ಬಿಟ್ಟುಕೊಳ್ಳಿ. ಹೊಲಿಯುವಾಗ ಅದೇ ಬೇಕಾಗುತ್ತದೆ.

ಕತ್ತು ನಿಲ್ಲುತ್ತದೆಯೇ ಅನ್ನುವುದು ಕೊನೆಯ ಪ್ರಶ್ನೆ. ಕಾಂಡೈಲಿನ ಒಳಮಗ್ಗುಲಿಗೆ ಡೆನ್ಸ್‌ನಿಂದ ಬರುವ ಆಲಾರ್ ಲಿಗಮೆಂಟ್ ಅಂಟಿದೆ, ತಿರುಗುವಿಕೆಗೆ ಲಗಾಮು ಹಾಕುವುದು ಅದೇ. ಸಿ1 ಮುಂದಕ್ಕೆ ಜಾರದಂತೆ ಡೆನ್ಸನ್ನು ಹಿಡಿದಿಡುವ ಟ್ರಾನ್ಸ್‌ವರ್ಸ್ ಲಿಗಮೆಂಟ್ ಅದಕ್ಕಿಂತ ಗಟ್ಟಿ: ಇದು ಸುಮಾರು 350 ನ್ಯೂಟನ್ ತಡೆದರೆ ಆಲಾರ್ ಸುಮಾರು 200. ಹಿಂದಿನ ಮೂರನೇ ಒಂದು ಪಾಲು ತೆಗೆದರೆ ಜಾಯಿಂಟ್ ಮುಖ ಬಹುಪಾಲು ಉಳಿಯುತ್ತದೆ, ಆಲಾರ್ ಅಂಟಿರುವ ಜಾಗವೂ ಉಳಿಯುತ್ತದೆ, ಸಾಮಾನ್ಯವಾಗಿ ಬೆಸೆಯಬೇಕಿಲ್ಲ. ಅರ್ಧ ದಾಟಿದರೆ ಆಕ್ಸಿಪಟ್–ಸಿ1 ಜಾಯಿಂಟ್ ಸಡಿಲವಾಗುತ್ತದೆ, ಆಕ್ಸಿಪಟ್‌ನಿಂದ ಕತ್ತಿಗೆ ಬೆಸೆಯುವ ಯೋಜನೆ ಮೊದಲೇ ಇರಬೇಕು. ಮೊದಲೇ ಅಂದರೆ, ಚರ್ಮದ ಗೆರೆ ಎಳೆಯುವ ಮುಂಚೆ. ಇಲ್ಲದಿದ್ದರೆ ಪ್ಲೇಟ್ ಕೂರಿಸಬೇಕಾದ ಮೂಳೆಯನ್ನೇ ಕ್ರೇನಿಯೆಕ್ಟಮಿಯಲ್ಲಿ (ಬುರುಡೆ ತೆರೆಯುವಾಗ) ತೆಗೆದುಹಾಕಿರುತ್ತೀರಿ. ಆಕ್ಸಿಪಟ್ ಮೂಳೆ ದಪ್ಪ ಇರುವುದು ನಡುಗೆರೆಯ ಏಣಿನಲ್ಲಿ, ಹೊರಗಿನ ಪ್ರೊಟ್ಯೂಬರೆನ್ಸ್ (ತಲೆಯ ಹಿಂದೆ ಕೈಗೆ ಸಿಗುವ ಉಬ್ಬು) ಹತ್ತಿರ. ಪಕ್ಕಕ್ಕೂ ಫೊರಾಮೆನ್ ಕಡೆಗೂ ಹೋದಷ್ಟೂ ತೆಳು. ಸುಪೀರಿಯರ್ ನ್ಯೂಕಲ್ ಗೆರೆಯ ಮಟ್ಟದಲ್ಲಿ ಒಳಗೆ ಟ್ರಾನ್ಸ್‌ವರ್ಸ್ ಸೈನಸ್ (ದೊಡ್ಡ ವೀನ್) ಇದೆ, ಸ್ಕ್ರೂಗಳು ಅದಕ್ಕಿಂತ ಕೆಳಗೆ ಇರಲಿ. ಸ್ಟಾಪ್ ಇರುವ ಡ್ರಿಲ್‌ನಿಂದ 6 ಅಥವಾ 8 ಮಿ.ಮೀ.ಗೆ ಶುರುಮಾಡಿ 2 ಮಿ.ಮೀ. ಲೆಕ್ಕದಲ್ಲಿ ಆಳಕ್ಕೆ ಹೋಗಿ, ಪ್ರತಿ ಸಲ ಪ್ರೋಬ್ ಹಾಕಿ ತಳ ಮುಟ್ಟಿ ನೋಡಿ. ತೂತಿನಿಂದ ನೀರಿನಂಥ ದ್ರವ ಅಥವಾ ಕಪ್ಪು ರಕ್ತ ಬಂದರೆ ಆ ತೂತನ್ನು ಬಿಟ್ಟು ಬೇರೆ ಕೊರೆಯಲು ಹೊರಡಬೇಡಿ, ಅದಕ್ಕೇ ಸರಿಯಳತೆಯ ಸ್ಕ್ರೂ ಹಾಕಿ, ನಿಲ್ಲುತ್ತದೆ.